ಸುಗ್ಗಿ ಹೊತ್ತಿನ 20 ಮಿಲಿಮೀಟರ್

ಮಾರ್ಚ್ ತಿಂಗಳಲ್ಲಿ ಪುಣೆಯ ಆಫೀಸುಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. 'ಈ ವಾರ ಮಳೆ ಇದೆಯಂತೆ, ಸೆಕೆ ಸ್ವಲ್ಪ ಇಳಿಯುತ್ತೆ.' ಹೇಳುವವರ ಮುಖದಲ್ಲಿ ಖುಷಿ ಇರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಹಡಪ್ಸರದ ಸಿಮೆಂಟಿನ ಬಿಸಿಯಲ್ಲಿ ದಿನವಿಡೀ ಓಡಾಡಿದವರಿಗೆ ಸಂಜೆ ನಾಲ್ಕು ಹನಿ ಬಿದ್ದರೆ ಹಿತವೇ ಅಲ್ವಾ? ಆದರೆ ಅದೇ ಹೊತ್ತಿಗೆ ನನ್ನ ಕಂಪ್ಯೂಟರಿನಲ್ಲಿ ಹವಾಮಾನ ಇಲಾಖೆಯ ನಕ್ಷೆ ತೆರೆದಿರುತ್ತದೆ. ವಿದರ್ಭ, ಮರಾಠವಾಡ, ಉತ್ತರ ಒಳನಾಡು ಕರ್ನಾಟಕ ಮೂರೂ ಹಳದಿ, ಅಂದರೆ ಗಮನವಿಡಿ ಎಂಬ ಎಚ್ಚರಿಕೆಯ ಬಣ್ಣ. ಕೆಳಗೆ 'ಒಂದೆರಡು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆ' ಎಂಬ ಸಾಲು. ನನ್ನ ಕೆಲಸ ಕಾಳಿನದು. ಒಂದು ಆಹಾರ ಕಂಪನಿಗೆ ಗೋಧಿ, ಜೋಳ ಕೊಳ್ಳುವ ವಿಭಾಗದಲ್ಲಿದ್ದೇನೆ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನದು. ಈಗಲೂ ಅಲ್ಲಿ ನಮ್ಮ ಕಾಕಾ ಹಿಂಗಾರಿ ಜೋಳ ಬಿತ್ತುತ್ತಾರೆ. ಹಾಗಾಗಿ ಆ ಒಂದು ಸಾಲನ್ನು ನಾನು ಎರಡು ಸಲ ಓದುತ್ತೇನೆ. ಒಮ್ಮೆ ಕೊಳ್ಳುವವನಾಗಿ, ಇನ್ನೊಮ್ಮೆ ಬೆಳೆದವರ ಮನೆಯವನಾಗಿ. ಎರಡು ಸಲವೂ ಆ ಸಾಲಿನಲ್ಲಿ ಬೇಕಾದ್ದು ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂಬುದನ್ನು ಬಹಳ ದಿನದಿಂದ ಯೋಚಿಸುತ್ತಿದ್ದೇನೆ.

ಅಳತೆ ಯಾವ ತಿಂಗಳದ್ದು?

ಹವಾಮಾನ ಇಲಾಖೆ ಮಳೆಯನ್ನು 24 ಗಂಟೆಯ ಲೆಕ್ಕದಲ್ಲಿ ಅಳೆಯುತ್ತದೆ. 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ ಮಳೆ. 15.6ರಿಂದ 64.4ರವರೆಗೆ ಸಾಧಾರಣ. 64.5 ದಾಟಿದರೆ ಮಾತ್ರ ಭಾರಿ. 115.6 ದಾಟಿದರೆ ಅತಿ ಭಾರಿ. ಜುಲೈ ತಿಂಗಳಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಹಳ್ಳ ಎಷ್ಟು ಏರುತ್ತದೆ, ರಸ್ತೆ ಮುಳುಗುತ್ತದೆಯೇ, ಗುಡ್ಡ ಜಾರುತ್ತದೆಯೇ ಎಂದು ನೋಡಲು ನೀರಿನ ಮೊತ್ತವೇ ಮುಖ್ಯ. ಜುಲೈನಲ್ಲಿ ತೊಗರಿ ಹೊಲದ ಮೇಲೆ 20 ಮಿಲಿಮೀಟರ್ ಬಿದ್ದರೆ ಯಾರೂ ಮಾತಾಡುವುದಿಲ್ಲ, ಒಳ್ಳೆಯ ಹದವಾಯಿತು ಅಂತಾರೆ.

ಅದೇ 20 ಮಿಲಿಮೀಟರ್ ಮಾರ್ಚ್ ಮೊದಲ ವಾರದಲ್ಲಿ ಬಿದ್ದರೆ? ಆಗ ಹೊಲದಲ್ಲಿ ನಿಂತಿರುವುದು ಬಲಿತ ಜೋಳ. ದಂಟು ಒಣಗಿದೆ, ಮೇಲೆ ತೆನೆ ಭಾರವಾಗಿದೆ. ಗಾಳಿ ಜೊತೆ ಬಂದ ಮಳೆ ಅದನ್ನು ನೆಲಕ್ಕೆ ಮಲಗಿಸುತ್ತದೆ. ತೆನೆ ತೊಯ್ದು ಎರಡು ಮೂರು ದಿನ ಮೋಡ ಕವಿದರೆ ಕಾಳಿನ ಮೇಲೆ ಬೂಷ್ಟು ಬರುತ್ತದೆ. ಮುತ್ತಿನ ಹಾಗೆ ಹೊಳೆಯಬೇಕಾದ ಬಿಳಿಜೋಳ ಕಪ್ಪಾಗುತ್ತದೆ. ಕಣಿಕೆಯೂ ಕಪ್ಪಾಗುತ್ತದೆ, ದನ ಮೂಸಿ ನೋಡಿ ಬಿಡುತ್ತದೆ. ಗೋಧಿಯದ್ದು ಇನ್ನೊಂದು ಕಥೆ. ಬಲಿತ ಗೋಧಿ ತೆನೆಯಲ್ಲೇ ನೀರು ಕುಡಿದರೆ, 'ಬಿತ್ತನೆ ಆಯಿತು' ಎಂಬ ಲೆಕ್ಕದಲ್ಲಿ ಕಾಳಿನೊಳಗಿನ ಕೆಲಸ ಶುರುವಾಗುತ್ತದೆ. ಹಿಟ್ಟನ್ನು ಒಡೆಯುವ ಕಿಣ್ವ ಎಚ್ಚರಗೊಳ್ಳುತ್ತದೆ. ಮೊಳಕೆ ಕಣ್ಣಿಗೆ ಕಾಣುವ ಮೊದಲೇ ಹಿಟ್ಟಿನ ಗುಣ ಕೆಟ್ಟಿರುತ್ತದೆ. ಅಂಥ ಹಿಟ್ಟು ನಾದಿದರೆ ಕೈಗೆ ಅಂಟುತ್ತದೆ. ಕಡಲೆ ಗಿಡವಂತೂ ಒಣಗಿದ ಮೇಲೆ ತೊಯ್ದು ಮತ್ತೆ ಬಿಸಿಲು ಕಂಡರೆ ಕಾಯಿ ಬಿರಿದು ಕಾಳು ನೆಲಕ್ಕೆ ಉದುರುತ್ತದೆ.

ಇಷ್ಟೆಲ್ಲ ಆಗಲು 'ಭಾರಿ ಮಳೆ' ಬೇಕಾಗಿಯೇ ಇಲ್ಲ. ಲೆಕ್ಕದ ಪ್ರಕಾರ 'ಸಾಧಾರಣ' ಮಳೆ ಸಾಕು, ಕೆಲವೊಮ್ಮೆ 'ಹಗುರ' ಮಳೆಯೂ ಸಾಕು. ಹಿಂಗಾರಿ ಸೀಮೆಯಲ್ಲಿ ಸುಗ್ಗಿ ಹೊತ್ತಿನ ಮಳೆಯ ತೂಕ ಗೊತ್ತಾಗುವುದು ಆ ದಿನ ಬೆಳೆ ಯಾವ ಹಂತದಲ್ಲಿದೆ ಎಂಬುದರಿಂದ. ಮುನ್ಸೂಚನೆಯ ಪಟ್ಟಿಯಲ್ಲಿ ಆ ಹಂತಕ್ಕೆ ಜಾಗವೇ ಇಲ್ಲ. ನನ್ನನ್ನು ಕಾಡುವುದು ಇದೇ.

'ಆ ಒಂದೆರಡು ಕಡೆಯಾಗ ನಮ್ಮೂರು ಅದ ಏನು?'

ಕೆಲವು ವರ್ಷಗಳ ಹಿಂದೆ ಫೆಬ್ರುವರಿ ಕೊನೆಯಲ್ಲಿ ಒಂದು ರಾತ್ರಿ ಕಾಕಾ ಫೋನ್ ಮಾಡಿದರು. ಹೊತ್ತಲ್ಲದ ಹೊತ್ತು. ಊರಲ್ಲಿ ಆಗಲೇ ಎಲ್ಲರೂ ಮಲಗಿರಬೇಕು.

'ತಮ್ಮಾ, ಮಲಗಿದ್ದೇನು?'

'ಇಲ್ಲ ಕಾಕಾ, ಹೇಳ್ರಿ.'

'ನಾಳಿಗಿ ಜ್ವಾಳ ಕೀಳಾಕ ಆಳ ಹೇಳೀನಿ. ಟಿವಿಯಾಗ ಮಳಿ ಅಂತ ಹೇಳಾಕತ್ತಾರ. ನಿನ್ನ ಕಂಪ್ಯೂಟರ್‌ನಾಗ ಏನ್ ತೋರಸ್ತದ ನೋಡು.'

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹಿಂಗಾರಿ ಜೋಳವನ್ನು ಬೇರು ಸಮೇತ ಕೀಳುತ್ತಾರೆ. ಕಿತ್ತದ್ದನ್ನು ಸಾಲಾಗಿ ಹೊಲದಲ್ಲೇ ಮಲಗಿಸಿ ಕೆಲವು ದಿನ ಒಣಗಲು ಬಿಡುತ್ತಾರೆ. ಆಮೇಲೆ ತೆನೆ ಮುರಿದು, ಕಣಕ್ಕೆ ತಂದು ರಾಶಿ ಮಾಡುತ್ತಾರೆ. ಕಿತ್ತ ದಿನದಿಂದ ಕಾಳು ಚೀಲ ಸೇರುವವರೆಗಿನ ಆ ದಿನಗಳೇ ಎಲ್ಲಕ್ಕಿಂತ ಅಪಾಯದ್ದು. ನಿಂತ ಜೋಳ ತೊಯ್ದರೂ ಗಾಳಿಗೆ ಬೇಗ ಒಣಗುತ್ತದೆ. ಮಲಗಿದ ಜೋಳ ಎರೆಮಣ್ಣಿನ ಹಸಿಗೆ ಅಂಟಿಕೊಂಡರೆ ತೆನೆಗೆ ಕೆಳಗಿನಿಂದಲೂ ನೀರು, ಮೇಲಿನಿಂದಲೂ ನೀರು. ಎರೆಹೊಲಕ್ಕೆ ಒಮ್ಮೆ ಮಳೆ ಬಿದ್ದರೆ ಕಾಲಿಡಲಿಕ್ಕೂ ಆಗದು, ತೆನೆ ಎತ್ತಿ ತರುವ ಮಾತು ದೂರ. ಹಾಗಾಗಿ ಮಳೆ ಬರುವುದಾದರೆ ಕೀಳದೆ ಬಿಡುವುದೇ ಲೇಸು. ಬರದಿದ್ದರೆ ಮಾತ್ರ ಒಂದು ದಿನ ತಡ ಮಾಡಿದ್ದೂ ನಷ್ಟವೇ. ನಾಳೆಯ ಆಳು ನಾಡಿದ್ದು ಬೇರೆಯವರ ಹೊಲದಲ್ಲಿರುತ್ತಾರೆ.

ನಾನು ನೋಡಿದೆ. ಹಳದಿ ಎಚ್ಚರಿಕೆ. ಗುರುವಾರ ಮಧ್ಯಾಹ್ನದ ನಂತರ ಒಂದೆರಡು ಕಡೆ ಗುಡುಗು ಮಳೆ. ಓದಿ ಹೇಳಿದೆ.

'ಒಂದೆರಡು ಕಡಿ ಅಂದ್ರ ಎಲ್ಲಿ? ಆ ಒಂದೆರಡು ಕಡಿಯಾಗ ನಮ್ಮೂರು ಅದ ಏನು?'

ಇಲಾಖೆಯ ಭಾಷೆಯಲ್ಲಿ 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25 ಅಥವಾ ಅದಕ್ಕಿಂತ ಕಡಿಮೆ ಕಡೆ. ಉತ್ತರ ಒಳನಾಡು ಎಂದರೆ ಬೀದರಿನಿಂದ ಬೆಳಗಾವಿವರೆಗೆ, ಹಾವೇರಿವರೆಗೆ. ಅಷ್ಟು ದೊಡ್ಡ ನೆಲದಲ್ಲಿ ಕಾಲು ಭಾಗ ಎಂದರೆ ಯಾವ ಕಾಲು ಭಾಗ? ಇದನ್ನು ಕಾಕಾಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರ ಅರ್ಧಾ ಕೀಳಸ್ತೀನಿ, ಅರ್ಧಾ ನಿಲ್ಲಸ್ತೀನಿ' ಎಂದರು. ಮೂರು ಹೆಂಗಸರಿಗೆ ಬರಬೇಡಿ ಎಂದು ಹೇಳಲು ಆ ರಾತ್ರಿಯಲ್ಲೇ ಮನೆಮನೆಗೆ ಹೋದರಂತೆ. ಗುರುವಾರ ಸಂಜೆ ಪಕ್ಕದೂರಿನಲ್ಲಿ ಆಲಿಕಲ್ಲು ಬಿತ್ತು. ನಮ್ಮ ಹೊಲದ ಮೇಲೆ ಧೂಳು ಎದ್ದಿತು, ಹನಿ ಬೀಳಲಿಲ್ಲ. ನಿಲ್ಲಿಸಿದ ಅರ್ಧಕ್ಕೆ ಮತ್ತೆ ಆಳು ಸಿಗಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಹಕ್ಕಿ ತಿಂದದ್ದು ತಿಂದವು.

ಕಾಕಾ ಮಾಡಿದ್ದು ಸರಿಯೇ ಎಂದು ನನಗೆ ಈಗಲೂ ಅನಿಸುತ್ತದೆ. ಕೈಯಲ್ಲಿದ್ದ ಮಾಹಿತಿಗೆ ಅದಕ್ಕಿಂತ ಒಳ್ಳೆಯ ತೀರ್ಮಾನ ಇರಲಿಲ್ಲ. ಮುನ್ಸೂಚನೆಯೂ ಸುಳ್ಳಾಗಲಿಲ್ಲ, ಹೇಳಿದ ದಿನ, ಹೇಳಿದ ಹೊತ್ತಿಗೆ, ಎರಡು ಮೂರು ಮೈಲಿ ಆಚೆ ಮಳೆ ಬಂದೇ ಬಂತು.

ಸಿಮ್ಲಾ ಆಫೀಸಿನ ಮುಂದೆ

ಈ ಎಲ್ಲ ಲೆಕ್ಕ ನಡೆಯುವ ಊರಲ್ಲೇ ನಾನಿದ್ದೇನೆ. ಪುಣೆಯ ಶಿವಾಜಿನಗರದಲ್ಲಿ ಹವಾಮಾನ ಇಲಾಖೆಯ ಹಳೆಯ ಕಲ್ಲುಕಟ್ಟಡವಿದೆ. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ದೆಹಲಿಗೆ ಹೋಯಿತು. ಆದರೂ ಜನ ಇವತ್ತಿಗೂ ಅದನ್ನು ಸಿಮ್ಲಾ ಆಫೀಸ್ ಎನ್ನುತ್ತಾರೆ, ಎದುರಿನ ಚೌಕಕ್ಕೂ ಅದೇ ಹೆಸರು. ಕೃಷಿ ಹವಾಮಾನಕ್ಕೆ ಪ್ರತ್ಯೇಕ ವಿಭಾಗ ಶುರುವಾದದ್ದು ಪುಣೆಯಲ್ಲಿಯೇ, 1932ರಲ್ಲಿ. ರಾಯಲ್ ಕೃಷಿ ಆಯೋಗದ ಸಲಹೆಯ ಮೇರೆಗೆ ಅದು ಹುಟ್ಟಿತು, ಎಲ್. ಎ. ರಾಮದಾಸ್ ಅದನ್ನು ಕಟ್ಟಿ ಬೆಳೆಸಿದರು. ಅಂದರೆ, ಮಳೆಯನ್ನು ಬೆಳೆಯ ಕಣ್ಣಿನಿಂದ ನೋಡಬೇಕು ಎಂಬ ಯೋಚನೆಗೆ ನಮ್ಮಲ್ಲಿ 90 ವರ್ಷ ದಾಟಿದೆ. ಅದು ಹೊಸದಾಗಿ ಯಾರೋ ಹೇಳಬೇಕಾದದ್ದಲ್ಲ.

ವಿಜ್ಞಾನವೂ ನಿಂತಿಲ್ಲ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯವರು ಕಟ್ಟಿದ ಭಾರತ್ ಮುನ್ಸೂಚನಾ ವ್ಯವಸ್ಥೆ 2025ರ ಮೇ ತಿಂಗಳಲ್ಲಿ ಕೆಲಸ ಶುರು ಮಾಡಿತು. ಮೊದಲು 12 ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕ ಹಾಕುತ್ತಿದ್ದರು, ಈಗ 6 ಕಿಲೋಮೀಟರಿಗೆ ಇಳಿದಿದೆ. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಕೂಡ ಅದೇ ಸಂಸ್ಥೆಯದು. ಪಶ್ಚಿಮದ ಕ್ಷೋಭೆ ಎಂದು ಕರೆಯುವ ಗಾಳಿಯ ಅಲೆಗಳು ಮೆಡಿಟರೇನಿಯನ್ ಕಡೆಯಿಂದ ಬರುವುದು ನಾಲ್ಕೈದು ದಿನ ಮೊದಲೇ ಕಾಣುತ್ತದೆ. ಅವು ಸ್ವಲ್ಪ ದಕ್ಷಿಣಕ್ಕೆ ಬಾಗಿದಾಗ, ಇತ್ತ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ಹಸಿಗಾಳಿ ಮರಾಠವಾಡ, ವಿಜಯಪುರ, ಕಲಬುರಗಿ ಮೇಲೆ ಸೇರಿದಾಗ, ಮಧ್ಯಾಹ್ನದ ಬಿಸಿಗೆ ಮೋಡ ಸೆಟೆದು ಏಳುತ್ತದೆ. ಇಂಥ ದಿನ ಬರುತ್ತಿದೆ ಎಂದು ಹೇಳಬಹುದು. ಯಾವ ಹಳ್ಳಿಯ ತಲೆಯ ಮೇಲೆ ಎಂದು ಹೇಳಲು ಮಾತ್ರ ರಾಡಾರ್ ನೋಡಬೇಕು. ಅದು ಮೂರು ಗಂಟೆ ಮುಂಚೆ ತಿಳಿಯುವ ವಿಷಯ. ಮೂರು ಗಂಟೆಯಲ್ಲಿ ರಾಶಿಯ ಮೇಲೆ ತಾಡಪತ್ರಿ ಎಳೆಯಬಹುದು. ಹೊಲದಲ್ಲಿ ಮಲಗಿದ ಜೋಳ ಎತ್ತಲು ಆಗುವುದಿಲ್ಲ.

2014ರ ಫೆಬ್ರುವರಿ ಕೊನೆ ಮತ್ತು ಮಾರ್ಚ್ ಮೊದಲರ್ಧ ನೆನಪಾಗುತ್ತದೆ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ದಿನ ಬಿಟ್ಟು ದಿನ ಆಲಿಕಲ್ಲು. ಒಂದು ಸಂಜೆ ಬಂದು ಹೋಗುವ ಮಳೆಯನ್ನು ಕಂಡವರು ನಾವು, ಅದು ವಾರಗಟ್ಟಲೆ ಬಂದೇ ಬಂತು. ಆಗ ನಾನು ಬಸ್ಸಿನಲ್ಲಿ ಪುಣೆಯಿಂದ ಸೊಲ್ಲಾಪುರ ಮಾರ್ಗವಾಗಿ ಊರಿಗೆ ಹೋಗಿದ್ದೆ. ರಸ್ತೆ ಪಕ್ಕದ ದ್ರಾಕ್ಷಿ ತೋಟಗಳಲ್ಲಿ ಎಲೆ ಇರಲಿಲ್ಲ, ತಂತಿ ಮಾತ್ರ. ಜೋಳದ ಹೊಲಗಳಲ್ಲಿ ತೆನೆ ಮುರಿದು ಕೆಸರಲ್ಲಿ ಹೂತಿತ್ತು. ನನ್ನ ಪಕ್ಕ ಕೂತಿದ್ದ ಅಕ್ಕಲಕೋಟೆ ಕಡೆಯ ಅಜ್ಜ ಕಿಟಕಿಯಿಂದ ನೋಡುತ್ತ ನೋಡುತ್ತ, 'ಬರಗಾಲ್ದಾಗ ಬೆಳಿ ಬರಲಿಲ್ಲಂದ್ರ ಬಿತ್ತಿದ್ದಷ್ಟ ಹೋಗ್ತದ ತಮ್ಮಾ. ಇದು ಬಾಯಿಗಿ ಬಂದದ್ದು' ಎಂದರು. ಆ ಮಾತಿನಲ್ಲಿ ಲೆಕ್ಕವೂ ಇತ್ತು. ಬರದಲ್ಲಿ ಬೀಜ, ಗೊಬ್ಬರ ಹೋಗುತ್ತದೆ. ಸುಗ್ಗಿ ಮಳೆಯಲ್ಲಿ ಅದರ ಜೊತೆ ಐದು ತಿಂಗಳ ಕಳೆ, ಕಾವಲು, ಕೂಲಿ, ಸಾಲದ ಬಡ್ಡಿ ಎಲ್ಲವೂ ಹೋಗುತ್ತದೆ.

ಬೇರೆ ದೇಶದ ವಸಂತ

ನನ್ನ ಕೆಲಸದಲ್ಲಿ ಹೊರದೇಶದ ಕಾಳಿನ ಸುದ್ದಿಯನ್ನೂ ನೋಡಬೇಕಾಗುತ್ತದೆ. ಅಲ್ಲಿಯೂ ವಸಂತದ ಮಳೆಯದೇ ಮಾತು. ಆದರೆ ತೊಂದರೆ ಬೇರೆ. 2019ರಲ್ಲಿ ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಏಪ್ರಿಲ್, ಮೇ ಪೂರ್ತಿ ಮಳೆ ಬಿಡಲಿಲ್ಲ. ಅದು ಅವರಿಗೆ ಬಿತ್ತನೆಯ ಕಾಲ. ಜೂನ್ 2ರ ಹೊತ್ತಿಗೆ ವಾಡಿಕೆಯಂತೆ ಶೇ 96ರಷ್ಟು ಬಿತ್ತನೆ ಮುಗಿದಿರಬೇಕಿತ್ತು, ಆಗಿದ್ದು ಶೇ 67. ಆ ವರ್ಷ ಎಲ್ಲ ಬೆಳೆ ಸೇರಿ ಸುಮಾರು 1 ಕೋಟಿ 94 ಲಕ್ಷ ಎಕರೆ ಬಿತ್ತನೆಯಾಗದೆ ಉಳಿಯಿತು. ಚೀನಾದ ಹೆನಾನ್ ಪ್ರಾಂತ್ಯದಲ್ಲಿ 2023ರ ಮೇ ಕೊನೆಯಲ್ಲಿ ನಮ್ಮದೇ ತರಹದ ಪಾಡು. ಅದು ಆ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಗೋಧಿ ಬೆಳೆಯುವ ಪ್ರಾಂತ್ಯ. ಕೊಯ್ಲಿಗೆ ಕೆಲವೇ ದಿನ ಇರುವಾಗ ಮಳೆ ಹಿಡಿಯಿತು, ಗೋಧಿ ತೆನೆಯಲ್ಲೇ ಮೊಳಕೆ ಒಡೆಯಿತು. ತಿನ್ನುವ ಗೋಧಿ ದನ, ಹಂದಿಯ ಮೇವಿಗೆ ಹೋಯಿತು.

ಬಿತ್ತುವವನಿಗೆ ಮಳೆ ಎಂದರೆ ತಡ. ಕೊಯ್ಯುವವನಿಗೆ ನಷ್ಟ. ಕಾಳು ಕಟ್ಟುವ ಹೊತ್ತಿನಲ್ಲಿ ನೀರಿಲ್ಲದೆ ಕೂತವನಿಗೆ ಅದೇ ಮಳೆ ಬದುಕು. ನಮ್ಮ ಹಿರಿಯರ ಮಳೆ ಪಂಚಾಂಗದಲ್ಲಿ ಈ ತಿಳಿವಳಿಕೆ ಇತ್ತು ಎಂದು ನಾನು ನಂಬುತ್ತೇನೆ. ಅವರು ಮಳೆಯನ್ನು ಎಷ್ಟು ಎಂದು ಅಳೆಯಲಿಲ್ಲ, ಯಾವಾಗ ಎಂದು ಅಳೆದರು. ಏಪ್ರಿಲ್ ಕೊನೆಗೆ ಬರುವ ಭರಣಿ ಮಳೆಯನ್ನು ಹಾಡಿ ಹೊಗಳಿದರು, ಯಾಕೆಂದರೆ ಅಷ್ಟು ಹೊತ್ತಿಗೆ ರಾಶಿ ಮನೆ ಸೇರಿರುತ್ತದೆ, ಹೊಲ ಹರಗಲು ಹದ ಬೇಕಿರುತ್ತದೆ. ಅದೇ ಮಳೆ ಒಂದೂವರೆ ತಿಂಗಳು ಮೊದಲು ಬಂದರೆ ಅದಕ್ಕೆ ಹೊಗಳಿಕೆ ಇಲ್ಲ.

ಗುಲ್ಟೆಕಡಿಯ ಅಂಗೈ

ಕಾಳು ತೊಯ್ದ ಮೇಲೆ ಏನಾಗುತ್ತದೆ ಎಂಬುದನ್ನು ಪುಣೆಯ ಗುಲ್ಟೆಕಡಿ ಮಾರ್ಕೆಟ್ ಯಾರ್ಡಿನಲ್ಲಿ ನೋಡಬೇಕು. ಅಲ್ಲಿ ಕಾಳುಕಡಿ ಮಾರುವ ಭುಸಾರ್ ಓಣಿಯಲ್ಲಿ ಚೀಲಕ್ಕೆ ಕೊಕ್ಕೆ ಚುಚ್ಚಿ, ಒಂದು ಹಿಡಿ ಕಾಳು ತೆಗೆದು, ಅಂಗೈ ಮೇಲೆ ಹರಡಿ ನೋಡುತ್ತಾರೆ. ಮಾಲದಂಡಿ ತಳಿಯ ಬಿಳಿಜೋಳವಾದರೆ ಕೊಳ್ಳುವವರು ಮೊದಲು ನೋಡುವುದು ಹೊಳಪು. ಕಪ್ಪು ಚುಕ್ಕೆ ಕಂಡರೆ ದರ ಅಲ್ಲೇ ಬೀಳುತ್ತದೆ. ಜಾಸ್ತಿ ಕಪ್ಪಾಗಿದ್ದರೆ ರೊಟ್ಟಿಯ ಜೋಳ ಕೋಳಿ ಆಹಾರದ ಜೋಳವಾಗುತ್ತದೆ. ಅಂಗೈ ಮುಚ್ಚುವಷ್ಟರಲ್ಲಿ ಒಂದು ಕುಟುಂಬದ ವರ್ಷದ ಲೆಕ್ಕ ಬದಲಾಗಿರುತ್ತದೆ. ನಾನು ಕೊಳ್ಳುವವರ ಪಕ್ಕ ನಿಂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಕೈಯನ್ನು ದೂರಲು ಆಗುವುದಿಲ್ಲ. ಗೋಧಿಗೆ ಗಿರಣಿಯಲ್ಲಿ ಫಾಲಿಂಗ್ ನಂಬರ್ ಎಂಬ ಪರೀಕ್ಷೆ ಇದೆ. ಹಿಟ್ಟು, ನೀರು ಸೇರಿಸಿ ಬಿಸಿಯಲ್ಲಿ ಗಂಜಿ ಮಾಡಿ, ಅದರಲ್ಲಿ ಒಂದು ಕಡ್ಡಿ ಕೆಳಗಿಳಿಯಲು ಎಷ್ಟು ಸೆಕೆಂಡು ಬೇಕು ಎಂದು ನೋಡುತ್ತಾರೆ. 250ಕ್ಕಿಂತ ಜಾಸ್ತಿ ಇದ್ದರೆ ನೆಮ್ಮದಿ. ಮಳೆ ತಿಂದ ಗೋಧಿಯಲ್ಲಿ ಗಂಜಿ ತೆಳ್ಳಗಾಗಿ ಕಡ್ಡಿ ಬೇಗ ಇಳಿಯುತ್ತದೆ.

2023ರ ಮಾರ್ಚ್‌ನಲ್ಲಿ ಪಂಜಾಬ್, ಹರಿಯಾಣ, ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಮಳೆ, ಗಾಳಿ ಗೋಧಿಯನ್ನು ಮಲಗಿಸಿತ್ತು. ಅದರ ಹಿಂದಿನ ವರ್ಷ, 2022ರ ಮಾರ್ಚ್, 1901ರಿಂದ ಇಟ್ಟ ದಾಖಲೆಯಲ್ಲೇ ಅತಿ ಬಿಸಿಯ ಮಾರ್ಚ್ ಆಗಿ ಕಾಳು ಜೊಳ್ಳಾಗಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಖರೀದಿಯ ನಿಯಮ ಸಡಿಲಿಸಿತು. ಪಂಜಾಬ್, ಹರಿಯಾಣದಲ್ಲಿ ಸುಕ್ಕಿದ, ಒಡೆದ ಕಾಳಿನ ಮಿತಿಯನ್ನು ಶೇ 6ರಿಂದ 18ಕ್ಕೆ ಏರಿಸಿತು. ಶೇ 80ರವರೆಗೆ ಹೊಳಪು ಹೋದ ಗೋಧಿಯನ್ನೂ ತೆಗೆದುಕೊಂಡಿತು, ಕ್ವಿಂಟಲಿಗೆ 5 ರೂಪಾಯಿ 31 ಪೈಸೆ ಕಡಿತ ಮಾಡಿ. ಆಗ ಬೆಂಬಲ ಬೆಲೆ 2,125 ರೂಪಾಯಿ. ಇದು ಒಳ್ಳೆಯ ಕೆಲಸ. ಆದರೆ ಸರ್ಕಾರ ದೊಡ್ಡ ಮಟ್ಟದಲ್ಲಿ ಕೊಳ್ಳುವ ಬೆಳೆಗೆ ಮಾತ್ರ ಇಂಥ ಆಸರೆ ಸಿಗುತ್ತದೆ. ನಮ್ಮ ಕಡೆಯ ಬಿಳಿಜೋಳ ಬಹುಪಾಲು ದಲಾಲಿ ಅಂಗಡಿಗೇ ಹೋಗುತ್ತದೆ. ಅಲ್ಲಿ ಹೊಳಪಿಗೆ ಸಡಿಲಿಕೆ ಕೊಡುವವರಿಲ್ಲ.

ಬೆಳೆ ವಿಮೆ ಇದೆ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ಅಕಾಲಿಕ ಮಳೆ, ಆಲಿಕಲ್ಲಿನ ರಕ್ಷಣೆಯೂ ಫಸಲ್ ಬಿಮಾದಲ್ಲಿದೆ. ಹಿಂಗಾರಿ ಜೋಳಕ್ಕೆ ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿಲ್ಲ. ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಎರೆಹೊಲದ ಕೆಸರಲ್ಲಿ, ಕರೆಂಟಿಲ್ಲದ ಊರಲ್ಲಿ, ಮಕ್ಕಳೆಲ್ಲ ಪುಣೆ, ಮುಂಬೈಗೆ ಬಂದು ಕೂತಿರುವಾಗ ವಯಸ್ಸಾದವರಿಗೆ ಆ 72 ಗಂಟೆ ಬಹಳ ಕಡಿಮೆ. ಇಲ್ಲಿರುವ ನಮ್ಮಂಥವರು ಮಾಡಬಹುದಾದ ಒಂದು ಕೆಲಸ ಇದು. ಊರಿಂದ ಫೋಟೊ ತರಿಸಿಕೊಂಡು, ಸರ್ವೆ ನಂಬರ್ ಕೇಳಿಕೊಂಡು, ದೂರು ದಾಖಲಿಸಲು ಅವತ್ತೇ ಫೋನಿಗೆ ಕೂರಬೇಕು. ನಾಳೆ ಎಂದರೆ ಹೋಯಿತು.

ಬೇಕಿರುವ ಮೂರು ಸಾಲು

ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಬರುತ್ತದೆ. ಮೇಘದೂತ್ ಆ್ಯಪಿನಲ್ಲೂ ಸಿಗುತ್ತದೆ. ಬೆಳೆಯ ಹಂತ ನೋಡಿ ಮಾತಾಡುವ ಜಾಗ ಎಂದರೆ ಅದೊಂದೇ. ಆ ಸಲಹೆ ಬರೆಯುವವರು ಜಿಲ್ಲೆಯಲ್ಲೇ ಕೂತು ಹೊಲ ನೋಡುವವರಾಗಿದ್ದರೆ ಅದರ ಗುಣವೇ ಬೇರೆ. ಅದಕ್ಕೆಂದೇ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ತೆರೆದಿದ್ದ 199 ಜಿಲ್ಲಾ ಘಟಕಗಳನ್ನು 2024ರಲ್ಲಿ ಮುಚ್ಚಿದರು. ಅದು ದೊಡ್ಡ ನಷ್ಟ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 6 ಕಿಲೋಮೀಟರಿನ ಚೌಕಕ್ಕೆ ಲೆಕ್ಕ ಹಾಕುವ ಸೂಪರ್ ಕಂಪ್ಯೂಟರ್ ಕೊಂಡಿದ್ದೇವೆ. 'ಈ ವಾರ ಚಡಚಣ ಕಡೆ ಜೋಳ ಕಿತ್ತು ಮಲಗಿಸಿದ್ದಾರೆ, ಸಿಂದಗಿ ಕಡೆ ಇನ್ನೂ ನಿಂತಿದೆ' ಎಂದು ಆ ಲೆಕ್ಕದ ಪಕ್ಕ ಬರೆಯುವ ಮನುಷ್ಯನೂ ಬೇಕಲ್ವಾ?

ಫೆಬ್ರುವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಹಿಂಗಾರಿ ಜಿಲ್ಲೆಗಳ ಮುನ್ಸೂಚನೆಯಲ್ಲಿ ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಗಾಳಿ ಎಷ್ಟು ಬಲ ಎಂಬುದು ಒಂದು ಸಾಲು. ಗೋಧಿಗೆ ಕೊನೆಯ ನೀರು ಬಿಡಬೇಕೇ ಬೇಡವೇ ಎಂದು ಅದು ಹೇಳುತ್ತದೆ, ಬೇರು ಹಸಿ ಇದ್ದಾಗ ಗಾಳಿ ಬಂದರೆ ಗೋಧಿ ಮಲಗುತ್ತದೆ. ಎರಡನೆಯದು, ಮಳೆ ಮಧ್ಯಾಹ್ನಕ್ಕೋ ನಸುಕಿಗೋ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದನ್ನು ಯಾರೂ ಮಾತಿನಲ್ಲಿ ಬಿಡಿಸಿ ಹೇಳುವುದಿಲ್ಲ. ಮಳೆ ನಿಂತ ಮೇಲೆ ಎಷ್ಟು ದಿನ ಬಿಸಿಲು? ಒಂದು ಸಂಜೆ ಜೋರಾಗಿ ಬಿದ್ದು, ಮರುದಿನದಿಂದ ನಾಲ್ಕು ದಿನ ಒಣ ಗಾಳಿ ಬೀಸಿದರೆ ಜೋಳ ಬಹುತೇಕ ಉಳಿಯುತ್ತದೆ. ಐದೇ ಮಿಲಿಮೀಟರ್ ಬಿದ್ದು ಮೂರು ದಿನ ಮೋಡ ನಿಂತರೆ ಕಪ್ಪಾಗುತ್ತದೆ. ಮೊದಲನೆಯದಕ್ಕೆ ಬಣ್ಣದ ಎಚ್ಚರಿಕೆ ಇದೆ, ಎರಡನೆಯದಕ್ಕೆ ಇಲ್ಲ.

ಮೋಡ, ತೇವ, ಗಾಳಿಯ ಐದು ದಿನದ ಲೆಕ್ಕ ಆ ಸಲಹೆಯ ಕೋಷ್ಟಕದಲ್ಲೇ ಅಂಕಿಗಳಾಗಿ ಇರುತ್ತದೆ. ನಾನು ಈಗ ಅದನ್ನೇ ಓದಿ ಕಾಕಾಗೆ ಹೇಳುತ್ತೇನೆ. ಮಳೆ ಎಷ್ಟು ಎಂದು ಮೊದಲು ಹೇಳುವುದಿಲ್ಲ, 'ಶುಕ್ರವಾರದಿಂದ ಮೋಡ ಬಿಡ್ತದ, ಗಾಳಿ ಒಣಾ ಅದ, ಸೋಮವಾರ ಕೀಳಸ್ರಿ' ಎನ್ನುತ್ತೇನೆ. ಅವರು ಆಳಿಗೆ ಹೇಳುವ ಮುಂಚೆ ಪಕ್ಕದ ಹೊಲದವರಿಗೂ ಅದನ್ನೇ ಹೇಳುತ್ತಾರೆ. ಈ ಸಲ ಮಾರ್ಚ್‌ನಲ್ಲಿ ಕಾಕಾನ ಓಣಿಯ ಇನ್ನೂ ನಾಲ್ಕು ಮನೆಯವರು ನನ್ನ ನಂಬರ್ ಇಸಿದುಕೊಂಡಿದ್ದಾರೆ.